ಜೋಡಿ ಓದು

ನಮ್ಮ ಮನೆಯ ಬಾಗಿಲ ಮೇಲೆ ‘ಬಾಗಿಲು’ ಎಂದು ಬರೆದಿತ್ತು. ಕಿಟಕಿಗೆ ‘ಕಿಟಕಿ’, ಮಡಕೆಗೆ ‘ಮಡಕೆ’, ಅಪ್ಪ ಗಡ್ಡ ಹೆರೆದುಕೊಳ್ಳುತ್ತಿದ್ದ ಅಂಗೈಯಗಲದ ಕನ್ನಡಿಗೆ ‘ಕನ್ನಡಿ’. ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಅಪ್ಪ ಪ್ಯಾಕಿಂಗಿನಲ್ಲಿ ಉಳಿದ ರಟ್ಟನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ತರುತ್ತಿದ್ದರು. ಅಮ್ಮ ಅದನ್ನು ಅಳತೆಗೆ ಕತ್ತರಿಸಿ, ಕೆಂಪು ಶಾಯಿಯಲ್ಲಿ ದುಂಡಗೆ ಬರೆದು, ಮೈದಾಹಿಟ್ಟಿನ ಅಂಟಿನಿಂದ ಮೆತ್ತುತ್ತಿದ್ದಳು. ಮಿಂಚುಪಟ್ಟಿ ಎಂದು ಅವುಗಳ ಹೆಸರು. ಬಾಗಲಗುಂಟೆಯ ಸರ್ಕಾರಿ ಶಾಲೆಯಲ್ಲಿ ಒಂದನೇ ಎರಡನೇ ಕ್ಲಾಸಿನ ಟೀಚರಾಗಿದ್ದ ಅಮ್ಮ ಯಾವ ಉಪಾಯವನ್ನೇ ಆಗಲಿ ಶಾಲೆಗೆ ಒಯ್ಯುವ ಮೊದಲು ನಮ್ಮ ಮೇಲೆ ಪ್ರಯೋಗ ಮಾಡಿ ನೋಡುತ್ತಿದ್ದಳು. ಅಪ್ಪನ ಸ್ನೇಹಿತರೊಬ್ಬರು ಮನೆಯನ್ನೆಲ್ಲ ಒಂದು ಸುತ್ತು ನೋಡಿ, ನಿಮ್ಮ ಯಜಮಾನರ ಹಣೆಗೂ ಒಂದು ಅಂಟಿಸಿಬಿಡಿ ಟೀಚರ್ ಎಂದು ತಮಾಷೆ ಮಾಡಿದರು. ಅಪ್ಪ ಬಿದ್ದು ಬಿದ್ದು ನಕ್ಕರು. ಅಮ್ಮ ನಗಲಿಲ್ಲ. ಅವರಿಗೆ ಕಾಫಿ ಮಾತ್ರ ಕೊಟ್ಟಳು.

ಅವಳ ಶಾಲೆಯಲ್ಲಿ ಎರಡೂ ಕ್ಲಾಸಿಗೆ ಸೇರಿ ಒಂದೇ ಕೋಣೆ. ಅರ್ಧ ಮಕ್ಕಳು ಪೂರ್ವದ ಗೋಡೆಗೆ, ಇನ್ನರ್ಧ ಮಕ್ಕಳು ಪಶ್ಚಿಮದ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ನಡುವೆ ಅಮ್ಮ. ಒಂದು ಕಡೆಗೆ ಪಾಠ ಹೇಳುವಾಗ ಇನ್ನೊಂದು ಕಡೆಯವರು ಕಾಪಿ ಬರೆಯಬೇಕು. ಇಷ್ಟು ಜನರನ್ನು ಸಂಭಾಳಿಸಲು ಅವಳು ಒಂದಷ್ಟು ದಾರಿ ಕಂಡುಕೊಂಡಿದ್ದಳು. ಗಲಾಟೆ ಹೆಚ್ಚಾದರೆ ಕೂಗಾಡುವುದಿಲ್ಲ, ಮೂರು ಸಲ ಚಪ್ಪಾಳೆ ತಟ್ಟಿ ಸುಮ್ಮನೆ ನಿಲ್ಲುವುದು. ಪ್ರಶ್ನೆ ಕೇಳಿದ ಕೂಡಲೇ ಯಾರ ಹೆಸರನ್ನೂ ಕೂಗದೆ ಮನಸ್ಸಿನಲ್ಲೇ ಐದು ಎಣಿಸುವುದು, ತನ್ನನ್ನೇ ಕೇಳಬಹುದೆಂದು ಎಲ್ಲರೂ ಅಷ್ಟು ಹೊತ್ತು ಯೋಚಿಸಲಿ ಎಂದು. ಇವೆಲ್ಲ ಮನೆಯಲ್ಲೂ ನಡೆಯುತ್ತಿದ್ದವು. ಊಟಕ್ಕೆ ಕೂತಾಗ, ಇವತ್ತಿನ ಸಾರಿಗೆ ಏನು ಕಡಿಮೆಯಾಗಿದೆ ಎಂದು ಕೇಳಿ ಅಮ್ಮ ಸುಮ್ಮನಾಗುತ್ತಿದ್ದಳು. ತನ್ನ ಹೆಸರು ಬಾರದಿರಲಿ ಎಂದು ಅಪ್ಪ ತಟ್ಟೆ ನೋಡುತ್ತಾ ಕೂರುತ್ತಿದ್ದರು. ಗಂಡ ಹೆಂಡತಿ ಜಗಳದ ನಡುವೆಯೂ ಅವಳು ಒಮ್ಮೆ ಮೂರು ಚಪ್ಪಾಳೆ ತಟ್ಟಿಬಿಟ್ಟಳು. ಅಪ್ಪ ನಿಜವಾಗಿಯೂ ಬಾಯಿ ಮುಚ್ಚಿಕೊಂಡರು, ಆಮೇಲೆ ತಮ್ಮ ಮೇಲೆಯೇ ಸಿಟ್ಟು ಬಂದು ಸೈಕಲ್ ಹತ್ತಿ ಹೊರಟುಹೋದರು.

ಎಲ್ಲಕ್ಕಿಂತ ಅಮ್ಮನಿಗೆ ನಂಬಿಕೆಯಿದ್ದದ್ದು ಜೋಡಿಯ ಮೇಲೆ. ಚುರುಕಿನ ಮಗುವಿನ ಪಕ್ಕ ನಿಧಾನದ ಮಗುವನ್ನು ಕೂರಿಸಬೇಕು. ಚುರುಕಿನದು ತನ್ನ ಪಾಠ ಮುಗಿಸಿದ ಮೇಲೆ ಜೋಡಿಗೆ ಓದಿಸಬೇಕು. ಜೋಡಿ ಓದುವವರೆಗೆ ಇಬ್ಬರೂ ಎದ್ದೇಳುವಂತಿಲ್ಲ. ನಾನೊಬ್ಬಳೇ ಇಷ್ಟು ಮಕ್ಕಳಿಗೆ ಕಲಿಸಲಾರೆ, ಅರ್ಧ ಮಕ್ಕಳು ಇನ್ನರ್ಧ ಮಕ್ಕಳಿಗೆ ಕಲಿಸಿಕೊಳ್ಳಬೇಕು ಎನ್ನುತ್ತಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ, ಇವತ್ತಿಗೂ ನಾನು ಹಾಗೆಯೇ ಹೇಳುತ್ತೇನೆ. ಮನೆಯಲ್ಲಿ ಜೋಡಿ ಎಂದರೆ ನಾನು ಮತ್ತು ತಂಗಿ ಸುಧಾ. ನಾನು ನಾಲ್ಕನೇ ಕ್ಲಾಸು, ಅವಳು ಒಂದನೆಯದು. ಮುಸ್ಸಂಜೆ ದೀಪ ಹಚ್ಚಿ ಕೈಮುಗಿದ ಮೇಲೆ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಇಬ್ಬರೂ ಕೂರಬೇಕು. ಅವಳ ಪುಸ್ತಕದ ಒಂದು ಪುಟವನ್ನು ಅವಳು ತಡವರಿಸದೆ ಜೋರಾಗಿ ಓದಿದ ಮೇಲೆ ಇಬ್ಬರಿಗೂ ತಟ್ಟೆ ಬೀಳುತ್ತಿತ್ತು. ಸೀಮೆಎಣ್ಣೆ ಉಳಿಸಲು ಅಮ್ಮ ಹಿತ್ತಲಿನ ಚಪ್ಪರದಲ್ಲಿ ಸೌದೆ ಒಲೆ ಹೂಡಿ ಮುದ್ದೆ ತಿರುವುತ್ತಿದ್ದಳು. ಮುದ್ದೆಕೋಲು ಹಿಡಿದ ಮೇಲೆ ಬಿಟ್ಟೇಳುವಂತಿಲ್ಲ. ಹಾಗಾಗಿ ಸುಧಾಳ ಓದು ಅವಳಿಗೆ ಬರೀ ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ಶಾಲೆಯಲ್ಲಿ ಸುಧಾ ಅವಳ ಕೋಣೆಯಲ್ಲೇ ಕೂರುತ್ತಿದ್ದರೂ, ಸ್ವಂತ ಮಗಳನ್ನು ಮುಂದೆ ಮಾಡುತ್ತಾಳೆ ಎಂದು ಯಾರೂ ಅನ್ನದಿರಲಿ ಎಂದು ಅಮ್ಮ ಅಲ್ಲಿ ಅವಳನ್ನು ಎಬ್ಬಿಸಿ ಓದಿಸುತ್ತಿರಲಿಲ್ಲ.

ಸುಧಾ ದಡ್ಡಿಯಾಗಿರಲಿಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಜೀವನಪೂರ್ತಿ ಎಲ್ಲರೂ ಅವಳನ್ನು ದಡ್ಡಿ ಎಂದರು. ಮನೆ ಓನರ್ ಮುನಿಯಮ್ಮನವರ ಕೊಟ್ಟಿಗೆಯ ಹಸುಗಳಲ್ಲಿ ಯಾವುದು ಕೂಗಿತೆಂದು ಒಳಗೆ ಕೂತೇ ಹೇಳುತ್ತಿದ್ದಳು. ಅವರೆಕಾಯಿ ಕಾಲದಲ್ಲಿ ನಾನು ಒಂದು ಬಟ್ಟಲು ಬೇಳೆ ಹಿದುಕುವಷ್ಟರಲ್ಲಿ ಅವಳದು ಎರಡು ಬಟ್ಟಲು ತುಂಬುತ್ತಿತ್ತು. ರೇಡಿಯೋದಲ್ಲಿ ಬರುತ್ತಿದ್ದ ತರಕಾರಿ ಧಾರಣೆಯನ್ನು ಒಂದು ಸಲ ಕೇಳಿದರೆ ಸಾಕು, ಓದುವವರ ದನಿಯಲ್ಲೇ ಕೊನೆಯವರೆಗೂ ಒಪ್ಪಿಸಿ ಅಪ್ಪನನ್ನು ನಗಿಸುತ್ತಿದ್ದಳು. ಪುಸ್ತಕ ತೆರೆದರೆ ಮಾತ್ರ ಅವಳ ಮುಖದ ಬಣ್ಣವೇ ಬದಲಾಗುತ್ತಿತ್ತು. ‘ಕ’ ನಿನ್ನೆ ಬಂದದ್ದು ಇವತ್ತು ಬರುತ್ತಿರಲಿಲ್ಲ. ಇವತ್ತು ಬಂದದ್ದು ಪುಟದ ಮೇಲಿನ ಸಾಲಿನಲ್ಲಿದ್ದರೆ ಗೊತ್ತಾಗುತ್ತಿತ್ತು, ಕೆಳಗಿನ ಸಾಲಿನಲ್ಲಿದ್ದರೆ ಇಲ್ಲ. ನಾನು ಮೊದಮೊದಲು ಸಹನೆಯಿಂದ ಹೇಳಿಕೊಟ್ಟೆ, ಆಮೇಲೆ ತಲೆಗೆ ಮೊಟಕಿದೆ, ಗಿಲ್ಲಿದೆ. ಹಿತ್ತಲಿನಿಂದ ಸೊಪ್ಪಿನ ಬಸ್ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ನನಗೆ ಹೊಟ್ಟೆ ಹಸಿದಿತ್ತು. ಒಂದು ಸಂಜೆ ನಾನೇ ಪಿಸುದನಿಯಲ್ಲಿ ಸಾಲು ಓದಿದೆ, ಅವಳು ಗಟ್ಟಿಯಾಗಿ ಹಾಗೆಯೇ ಹೇಳಿದಳು. ಪುಟ ಮುಗಿಯಿತು. ಶಭಾಷ್ ಎಂದು ಅಮ್ಮ ಹಿತ್ತಲಿನಿಂದಲೇ ಕೂಗಿದಳು. ಅಂದು ಸುಧಾ ತಿಂದ ಹಾಗೆ ಯಾವತ್ತೂ ತಿಂದಿರಲಿಲ್ಲ.

ಮಾರನೆಯ ದಿನದಿಂದ ಅದೇ ನಮ್ಮ ಪಾಠವಾಯಿತು. ಪಿಸುಗುಟ್ಟುವುದೂ ಬೇಕಾಗದಂತೆ ಕ್ರಮೇಣ ಉಪಾಯ ಮಾಡಿಕೊಂಡೆವು. ಹಾಸಿಗೆಯಲ್ಲಿ ನಾನು ಮರುದಿನದ ಪುಟವನ್ನು ಎರಡು ಸಲ ಹೇಳುವುದು, ಅವಳು ಬಾಯಿಪಾಠ ಮಾಡುವುದು. ಎಲ್ಲಿ ಸಾಲು ಮುಗಿಯುತ್ತದೆ, ಎಲ್ಲಿ ಪುಟ ಮಗುಚಬೇಕು, ಬೆರಳು ಎಷ್ಟು ನಿಧಾನಕ್ಕೆ ಸರಿಯಬೇಕು ಎಂಬುದನ್ನೂ ಕಲಿಸಿದೆ. ನಡುವೆ ಒಂದೆರಡು ಕಡೆ ಬೇಕೆಂದೇ ತಡವರಿಸು, ಇಲ್ಲದಿದ್ದರೆ ಅನುಮಾನ ಬರುತ್ತದೆ ಎಂದೂ ಹೇಳಿಕೊಟ್ಟೆ. ಒಂಬತ್ತು ವರ್ಷದ ಹುಡುಗಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತೋ. ಅಕ್ಷರ ಕಲಿಸಲು ಇದರ ಕಾಲುಭಾಗ ಬುದ್ಧಿ ಖರ್ಚು ಮಾಡಿದ್ದರೆ ಏನಾದರೂ ಆಗುತ್ತಿತ್ತೋ ಏನೋ, ಗೊತ್ತಿಲ್ಲ.

ಅವಳಿಗೆ ಓದು ಏನೇನೂ ಹತ್ತಿಲ್ಲ ಎಂಬುದು ನನಗೆ ಖಚಿತವಾದದ್ದು ಆ ವರ್ಷದ ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆದಾಗ. ಮಿಂಚುಪಟ್ಟಿಗಳನ್ನೆಲ್ಲ ಕಿತ್ತು ಒಂದು ಮೊರದಲ್ಲಿ ಹಾಕಿಟ್ಟಿದ್ದರು. ಗೋಡೆ ಒಣಗಿದ ಮೇಲೆ ಮತ್ತೆ ಅಂಟಿಸುವ ಕೆಲಸವನ್ನು ಸುಧಾಳಿಗೆ ವಹಿಸಿ ಅಮ್ಮ ಸಂತೆಗೆ ಹೋದಳು. ನಾನು ಒಳಗೆ ಬಂದು ನೋಡಿದರೆ ನೀರಿನ ಮಡಕೆ ‘ಕಿಟಕಿ’ಯಾಗಿತ್ತು, ಬಾಗಿಲು ‘ಕನ್ನಡಿ’ಯಾಗಿತ್ತು. ಇಷ್ಟು ದಿನ ಅವಳು ಓದುತ್ತಿದ್ದದ್ದು ಪಟ್ಟಿಯನ್ನಲ್ಲ, ಪಟ್ಟಿಯ ಕೆಳಗಿದ್ದ ವಸ್ತುವನ್ನು. ಸುಧಾ ಒಂದು ಮೂಲೆಯಲ್ಲಿ ಅಂಟಿನ ಕೈ ಇಟ್ಟುಕೊಂಡು, ಸರಿಯಿದೆಯಾ ಎಂಬಂತೆ ನನ್ನನ್ನು ನೋಡುತ್ತಿದ್ದಳು. ನಾನು ಎಲ್ಲವನ್ನೂ ಕಿತ್ತು ಅಮ್ಮ ಬರುವಷ್ಟರಲ್ಲಿ ಸರಿಯಾಗಿ ಅಂಟಿಸಿದೆ. ಹಾಲು ಕೊಡಲು ಬಂದಿದ್ದ ಮುನಿಯಮ್ಮನವರು ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಊರಿನ ಹಳೆಯ ಒಕ್ಕಲು ಮನೆತನದ ಹೆಂಗಸು, ಹೊಲ ಮನೆ ಎಲ್ಲ ಇತ್ತು, ಓದು ಇರಲಿಲ್ಲ. ಸುಧಾಳನ್ನು ಕರುವಿಗೆ ಹುಲ್ಲು ಹಾಕಲು ಕಳಿಸಿ ನನ್ನನ್ನು ಹತ್ತಿರ ಕರೆದರು.

‘ನಂಗೂ ಓದಕ್ ಬರಕಿಲ್ಲ ಕಣಮ್ಮಿ. ಬಸ್ಸು ಬಂದಾಗ ನಾನೂ ಇಂಗೇ ಬ್ಯಾರೇರ್ ಮುಕ ನೋಡ್ತೀನಿ. ನಿನ್ ತಂಗಿ ಮಾಡ್ತಿರಾದು ಅದೇಯ. ನಿಮ್ಮವ್ವುಂಗೆ ಯೋಳ್ಬುಡು.’

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹೇಳಿದರೆ ಏಟು ಬೀಳುತ್ತದೆ ಎಂಬ ಭಯವಷ್ಟೇ ಆಗಿದ್ದರೆ ಇವತ್ತು ನನ್ನನ್ನು ನಾನು ಕ್ಷಮಿಸಿಕೊಳ್ಳಬಹುದಿತ್ತು. ಊಟವಾದ ಮೇಲೆ ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, ನೀನು ನನ್ನ ಚಿಕ್ಕ ಟೀಚರ್ ಕಣೇ ಎನ್ನುತ್ತಿದ್ದಳು. ಹೊಗಳುವ ಸ್ವಭಾವ ಅವಳದಲ್ಲ. ಆ ಮಾತು ಕೇಳಲು ನಾನು ಇಡೀ ದಿನ ಕಾಯುತ್ತಿದ್ದೆ, ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಅಪ್ಪನಿಗೂ ಗೊತ್ತಾಯಿತು. ಒಂದು ಸಂಜೆ ಮೊದಲ ಶಿಫ್ಟ್ ಮುಗಿಸಿ ಬಂದು ಅವರು ಗೋಡೆಗೊರಗಿ ಕೂತಿದ್ದರು. ಸುಧಾ ಓದುತ್ತಿದ್ದಳು. ಫಕ್ಕನೆ ಕರೆಂಟು ಹೋಯಿತು. ಕೋಣೆಯೆಲ್ಲ ಕತ್ತಲು. ಸುಧಾ ನಿಲ್ಲಿಸಲಿಲ್ಲ. ಕೊಕ್ಕರೆ ಕೆರೆಗೆ ಬಂತು, ಮೀನನ್ನು ಕಂಡಿತು, ಎಂದು ಸರಾಗವಾಗಿ ಓದುತ್ತಲೇ ಹೋದಳು. ಅವಳ ಬಾಯಿಗೆ ಕೈ ಅಡ್ಡ ಹಿಡಿಯಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಅರ್ಧ ಪುಟ ಆಗಿಹೋಗಿತ್ತು. ಹಿತ್ತಲಿನಲ್ಲಿ ಒಲೆಯ ಬೆಳಕಿನಲ್ಲೇ ಕೂತಿದ್ದ ಅಮ್ಮನಿಗೆ ಕರೆಂಟು ಹೋದದ್ದು ತಿಳಿಯಲೇ ಇಲ್ಲ. ಅಪ್ಪ ಬೆಂಕಿಪೊಟ್ಟಣ ಹುಡುಕಿ ಬುಡ್ಡಿ ಹಚ್ಚಿದರು. ಸುಧಾಳ ಮುಖ, ಪುಸ್ತಕ, ಆಮೇಲೆ ನನ್ನ ಮುಖ ನೋಡಿದರು. ಬೈಯಲಿಲ್ಲ. ಊಟಕ್ಕೆ ಕೂತಾಗ ತಮ್ಮ ತಟ್ಟೆಯ ಹಪ್ಪಳವನ್ನು ಎತ್ತಿ ಸುಧಾಳ ತಟ್ಟೆಗೆ ಹಾಕಿದರು. ಅವರೂ ದಣಿದು ಬಂದಿದ್ದರು, ಹಸಿದಿದ್ದರು, ಅವರಿಗೂ ಮನೆಯಲ್ಲಿ ರಗಳೆ ಬೇಡವಾಗಿತ್ತು. ಹೀಗೆ ನಮ್ಮ ಮನೆಯಲ್ಲಿ ಅಮ್ಮನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಮರುವರ್ಷ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಸುಧಾ ಆಗ ಎರಡನೇ ಕ್ಲಾಸು, ಅಮ್ಮನ ಕೋಣೆಯಲ್ಲೇ. ಜೋಡಿ ಓದು ಎಂದರೇನೆಂದು ತೋರಿಸಲು ಅಮ್ಮ ನನ್ನನ್ನು ಐದನೇ ಕ್ಲಾಸಿನಿಂದ ಕರೆಸಿ ಸುಧಾಳ ಪಕ್ಕದಲ್ಲಿ ಕೂರಿಸಿದಳು. ಯಾವ ಪಾಠ ಓದಿಸುತ್ತಾಳೆಂದು ನಮಗೆ ಗೊತ್ತೇ ಇತ್ತು. ಸುಧಾ ಎದ್ದು ನಿಂತು, ಬೆರಳು ಸರಿಸುತ್ತಾ, ಎರಡು ಕಡೆ ಚೆಂದವಾಗಿ ತಡವರಿಸಿ, ಪೂರ್ತಿ ಪಾಠ ಓದಿದಳು. ಸಾಹೇಬರು ಪುಸ್ತಕದಲ್ಲಿ ಬರೆದುಕೊಂಡರು. ತಿಂಗಳ ಸಮಾಲೋಚನಾ ಸಭೆಯಲ್ಲಿ ಈ ವಿಧಾನದ ಬಗ್ಗೆ ಬೇರೆ ಟೀಚರುಗಳಿಗೆ ಹೇಳಿಕೊಡಿ ಎಂದು ಅಮ್ಮನಿಗೆ ಹೇಳಿದರು. ಆ ದಿನ ಅಮ್ಮ ದಾರಿಯಲ್ಲಿ ಖಾರಾಬೂಂದಿ ಕೊಡಿಸಿ, ಇಬ್ಬರ ಕೈಯನ್ನೂ ಹಿಡಿದು ಮನೆಗೆ ನಡೆಸಿಕೊಂಡು ಬಂದಳು. ಅವಳು ಅಷ್ಟು ಸಂತೋಷದಲ್ಲಿದ್ದುದನ್ನು ನಾನು ಆಮೇಲೆ ನೋಡಲಿಲ್ಲ. ಸುಧಾ ಬೂಂದಿ ಮುಟ್ಟದೆ ಪೊಟ್ಟಣವನ್ನು ನನಗೇ ಕೊಟ್ಟಳು.

ನಾವು ಕೆಟ್ಟದ್ದು ಅಲ್ಲಿಂದ. ಸುಧಾ ಅಮ್ಮನ ಕೋಣೆ ದಾಟಿ ಮೇಲಿನ ಕ್ಲಾಸಿಗೆ ಹೋದಳು, ಪಾಠಗಳು ಉದ್ದವಾದವು, ನಾನು ದೂರದ ಹೈಸ್ಕೂಲು ಸೇರಿ ಸಂಜೆ ತಡವಾಗಿ ಬರತೊಡಗಿದೆ. ಅವಳಿಗೆ ಪುಟ ಹೇಳಿಕೊಡಲು ಯಾರೂ ಇಲ್ಲದಂತಾಯಿತು. ಪರೀಕ್ಷೆಯಲ್ಲಿ ಸೊನ್ನೆ ಬಂತು. ಬೇರೆ ಯಾವ ತಾಯಿಯಾದರೂ ಈ ಮಗುವಿಗೆ ಓದಲು ಬರುವುದಿಲ್ಲ ಎಂದು ಆಗಲಾದರೂ ಅರಿತುಕೊಳ್ಳುತ್ತಿದ್ದಳೋ ಏನೋ. ನಮ್ಮ ಅಮ್ಮ ಅರಿಯಲಾರದಂತೆ ಮಾಡಿದ್ದು ನಾನು. ಎರಡನೇ ಕ್ಲಾಸಿನಲ್ಲಿ ಸಾಹೇಬರ ಎದುರು ನೀರು ಕುಡಿದಂತೆ ಓದಿದವಳು ಐದನೇ ಕ್ಲಾಸಿನಲ್ಲಿ ಓದುತ್ತಿಲ್ಲ ಎಂದರೆ ಅದು ಕೊಬ್ಬು, ಹಟ, ಬೇಕೆಂದೇ ಮಾಡುತ್ತಿರುವುದು. ಅಮ್ಮ ಹೊಡೆಯುವವಳಲ್ಲ. ಹಟಮಾರಿ ಮಕ್ಕಳನ್ನು ದಾರಿಗೆ ತರಲು ಶಾಲೆಯಲ್ಲಿ ಅವಳ ಬಳಿ ಬೇರೆ ಉಪಾಯವಿತ್ತು, ಆ ಮಗು ಕಣ್ಣಿಗೇ ಬೀಳಲಿಲ್ಲವೆಂಬಂತೆ ಇರುವುದು. ಶಾಲೆಯಲ್ಲಿ ಅದು ಅರ್ಧ ಗಂಟೆ. ಮನೆಯಲ್ಲಿ ಸುಧಾಳೊಂದಿಗೆ ಅವಳು ವಾರಗಟ್ಟಲೆ ಮಾತು ಬಿಟ್ಟಳು. ತಟ್ಟೆಗೆ ಮುದ್ದೆ ಹಾಕುವಳು, ಜಡೆ ಹೆಣೆಯುವಳು, ಮಾತಿಲ್ಲ. ಸುಧಾ ಅಮ್ಮನ ಹಿಂದೆ ಹಿಂದೆ ತಿರುಗುತ್ತಾ, ನೀರು ಸೇದಿ, ಪಾತ್ರೆ ತೊಳೆದು, ಒಂದು ಮಾತು ಬೀಳಲಿ ಎಂದು ಕಾಯುತ್ತಿದ್ದಳು. ಅಪ್ಪ ಒಂದೇ ಒಂದು ಸಲ ಬಾಯಿ ತೆರೆದರು.

‘ಅವ್ಳಿಗೆ ಓದಕ್ಕೆ ಬರಲ್ಲ ಕಣೇ. ಬಿಟ್ಬಿಡು ಮಗೂನ.’

‘ಬರಲ್ವಾ? ನಾನು ಕಿವಿಯಾರೆ ಕೇಳಿದೀನಿ ರೀ. ದಿನಾ ಸಾಯಂಕಾಲ ಕೇಳಿದೀನಿ. ನನ್ ಮಗಳಿಗೆ ಏನ್ ಬರುತ್ತೆ ಏನ್ ಬರಲ್ಲ ಅಂತ ನಂಗೊತ್ತಿಲ್ವಾ?’

ಅಪ್ಪ ನನ್ನ ಕಡೆ ನೋಡಿದರು. ನಾನು ಜಾಮಿಟ್ರಿ ಬಾಕ್ಸ್ ಜೋಡಿಸಿಕೊಳ್ಳುತ್ತಿದ್ದೆ, ತಲೆ ಎತ್ತಲಿಲ್ಲ. ಏಳನೇ ಕ್ಲಾಸಿಗೆ ಸುಧಾಳ ಶಾಲೆ ನಿಂತಿತು. ಹೊಲಿಗೆ ಕ್ಲಾಸಿಗೆ ಹಾಕಿದರು. ಆ ಹೊತ್ತಿಗೆ ಅವಳೇ ಮಾತು ಕಡಿಮೆ ಮಾಡಿಕೊಂಡಿದ್ದಳು. ವಯಸ್ಸಿಗೆ ಬಂದಾಗ ಅಟ್ಟೂರಿನಲ್ಲಿ ಸ್ವಂತ ಮನೆಯಿದ್ದ, ಆಟೋ ಓಡಿಸುವ ಒಳ್ಳೆಯ ಮನುಷ್ಯನಿಗೆ ಕೊಟ್ಟು ಮದುವೆ ಮಾಡಿದರು. ಅಷ್ಟು ವರ್ಷ ಬೈಸಿಕೊಂಡರೂ, ಅಮ್ಮ ಮಾತು ಬಿಟ್ಟರೂ, ಅಕ್ಕ ಹೇಳಿಕೊಡುತ್ತಿದ್ದಳು ಎಂದು ಅವಳು ಒಂದು ದಿನವೂ ಬಾಯಿಬಿಡಲಿಲ್ಲ. ಯಾಕೆ ಹೇಳಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಕೇಳಿದೆ. ಹೇಳಿದ್ದರೆ ನಿನ್ನ ಜೊತೆಯೂ ಮಾತು ಬಿಡುತ್ತಿದ್ದಳಲ್ಲ ಎಂದಳು.

ನಾನು ಟೀಚರಾದೆ. ಆಮೇಲೆ ಟೀಚರುಗಳಿಗೆ ತರಬೇತಿ ಕೊಡುವವಳಾದೆ. ಯಲಹಂಕ, ಹೆಬ್ಬಾಳ, ಯಶವಂತಪುರದ ಶಾಲೆಗಳ ಎಷ್ಟೋ ಹೊಸ ಟೀಚರುಗಳು ನನ್ನ ಎದುರು ಕೂತು ಬರೆದುಕೊಂಡಿದ್ದಾರೆ. ಚಪ್ಪಾಳೆ, ಐದು ಎಣಿಸುವುದು, ಜೋಡಿ ಓದು, ಎಲ್ಲವನ್ನೂ ಹೇಳುತ್ತೇನೆ. ಅದರ ಜೊತೆಗೆ ನನ್ನವೂ ಕೆಲವಿವೆ. ಮಗು ಒಂದು ಪುಟ ಸರಾಗವಾಗಿ ಓದಿದರೆ ಖುಷಿಪಡುವ ಮೊದಲು ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಿ ಎನ್ನುತ್ತೇನೆ. ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿ. ವಾರಕ್ಕೊಮ್ಮೆ ಜೋಡಿ ಬದಲಾಯಿಸಿ. ಕಿವಿಯಿಂದ ಪರೀಕ್ಷೆ ಮಾಡಬೇಡಿ, ಪಕ್ಕದಲ್ಲಿ ಕೂತು ಮಗುವಿನ ಕಣ್ಣು ಎಲ್ಲಿದೆ ನೋಡಿ. ಚುರುಕಿನ ಮಗುವಿನ ಊಟ, ಆಟ, ಹೊಗಳಿಕೆ ಯಾವುದನ್ನೂ ಇನ್ನೊಂದು ಮಗುವಿನ ಓದಿಗೆ ಕಟ್ಟಿಹಾಕಬೇಡಿ. ಎಷ್ಟು ಅನುಭವದ ಮಾತು ಮೇಡಂ ಎಂದು ಅವರು ಹೊಗಳುತ್ತಾರೆ. ನನ್ನ ತಂಗಿಯೊಬ್ಬಳನ್ನು ಹಾಳುಮಾಡಿ ಕಲಿತದ್ದು ಎಂದು ನಾನು ಹೇಳುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಬಿಡುತ್ತೇನೆ. ಸುಧಾಳಿಗೆ ಅಕ್ಷರ ಕಲಿಸಲು ಯಾಕೆ ಕೂರಲಿಲ್ಲ ಎಂದರೆ, ಎರಡು ಸಲ ಪ್ರಯತ್ನ ಮಾಡಿದೆ. ಪುಸ್ತಕ ತೆಗೆದರೆ ಅವಳು ಮೊದಲು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ಸುಧಾಳ ಮನೆಗೆ ಹೋದಳು. ನಾನು ಊರೂರು ತಿರುಗುವವಳು, ಸುಧಾ ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡವಳು, ಅದೇ ಅನುಕೂಲ ಎಂದು ನಾವೇ ಮಾತಾಡಿಕೊಂಡೆವು. ಎಷ್ಟೋ ವರ್ಷ ಅಲ್ಲೇ ಇದ್ದಳು. ಮನೆಯಲ್ಲಿ ಓದಬೇಕಾದದ್ದು ಏನಾದರೂ ಬಂದರೆ ಸುಧಾಳಿಗೆ ಕನ್ನಡಕ ಸಿಗುತ್ತಿರಲಿಲ್ಲ, ಇಲ್ಲವೇ ಕೈ ಹಿಟ್ಟಾಗಿರುತ್ತಿತ್ತು. ಅಮ್ಮನೇ ಓದಿ ಹೇಳುತ್ತಿದ್ದಳು. ಅನುಮಾನವೇ ಬರದಂತೆ ನಡೆಯಿತು. ಆಮೇಲೆ ಅಮ್ಮನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿ ಉಸಿರಾಟಕ್ಕೆ ಕತ್ತಿನಲ್ಲಿ ನಳಿಗೆ ಇಟ್ಟರು, ದನಿ ಹೋಯಿತು. ಬರೆದು ತೋರಿಸಲಿ ಎಂದು ಸುಧಾಳ ಮಗ ಒಂದು ನೋಟ್‌ಬುಕ್ಕು, ಪೆನ್ನು ತಂದುಕೊಟ್ಟ. ಅವನು, ಅವನ ಹೆಂಡತಿ, ಸುಧಾಳ ಗಂಡ ಎಲ್ಲ ಬೆಳಗಾದರೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋಗುತ್ತಿದ್ದರು. ಹಗಲಿಡೀ ಮನೆಯಲ್ಲಿ ಅಮ್ಮ ಮತ್ತು ಸುಧಾ ಇಬ್ಬರೇ.

ಅಮ್ಮ ಬೆನ್ನು ಉರಿಯುತ್ತಿದೆ ಎಂದು ಬರೆದರೆ ಸುಧಾ ಫ್ಯಾನು ಜೋರು ಮಾಡುತ್ತಿದ್ದಳು. ಚಳಿಯಾಗುತ್ತಿದೆ ಎಂದು ಬರೆದರೆ ಬೆಡ್‌ಪ್ಯಾನ್ ತರುತ್ತಿದ್ದಳು. ಒಂದಾದ ಮೇಲೊಂದು ತಂದು, ಅಮ್ಮನ ಮುಖ ನೋಡಿ, ಯಾವುದು ಸರಿಯೆಂದು ಊಹಿಸುತ್ತಿದ್ದಳು. ಅಷ್ಟು ಪ್ರೀತಿಯಿಂದ ಯಾರೂ ಸೇವೆ ಮಾಡಲಾರರು, ಅಷ್ಟು ತಪ್ಪಾಗಿಯೂ ಮಾಡಲಾರರು. ಎರಡು ವಾರ ಹೀಗೆ ನಡೆದ ಮೇಲೆ ಒಂದು ಭಾನುವಾರ ನಾನು ಹೋದೆ. ಉಳಿದವರು ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ನಾನು ಮಂಚದ ಕೊನೆಯಲ್ಲಿ ಕೂತಿದ್ದೆ, ಸುಧಾ ಅಮ್ಮನ ತಲೆಯ ಬಳಿ ನಿಂತಿದ್ದಳು. ಅಮ್ಮ ದಿಂಬಿಗೊರಗಿ ನೋಟ್‌ಬುಕ್ಕಿನಲ್ಲಿ ಬರೆದು ಸುಧಾಳ ಮುಂದೆ ಹಿಡಿದಳು. ಕೈಬರಹ ಏನೂ ಕೆಟ್ಟಿರಲಿಲ್ಲ, ದುಂಡಗೆ, ಕರಿಹಲಗೆಯ ಮೇಲೆ ಬರೆದಂತೆಯೇ ಇತ್ತು. ನಾನು ಕೂತಲ್ಲಿಂದಲೇ ಓದಿದೆ. ‘ಒಲೆಯ ಮೇಲೆ ಹಾಲು ಉಕ್ಕುತ್ತಿದೆ.’

ನಾನು ಧಡಕ್ಕನೆ ಎದ್ದು ಅಡುಗೆಮನೆಗೆ ಓಡಿದೆ. ಒಲೆ ಆರಿತ್ತು. ಹಾಲು ಫ್ರಿಜ್ಜಿನಲ್ಲಿತ್ತು. ವಾಪಸ್ ಬಂದು ಬಾಗಿಲಲ್ಲಿ ನಿಂತು ನೋಡಿದರೆ ಸುಧಾ ನೋಟ್‌ಬುಕ್ಕನ್ನು ನೋಡಿ, ನಕ್ಕು, ಆಯ್ತಮ್ಮ ಎಂದು ಹೇಳಿ ಅಮ್ಮನ ಹೊದಿಕೆಯನ್ನು ಸರಿಮಾಡುತ್ತಿದ್ದಳು. ಅಮ್ಮ ನನ್ನನ್ನು ನೋಡುತ್ತಿದ್ದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಪಾಠ ಹೇಳಿದವಳು ಸ್ವಂತ ಮಗಳಿಗೆ ಕೊನೆಗೂ ಒಂದು ಸರಿಯಾದ ಪರೀಕ್ಷೆ ಕೊಟ್ಟಿದ್ದಳು. ನಾನು ಓಡಿದ್ದು, ಸುಧಾ ಅಲ್ಲಾಡದೆ ನಿಂತದ್ದು, ಎರಡೂ ಅವಳಿಗೆ ಬೇಕಾದ ಉತ್ತರವೇ ಆಗಿತ್ತು.

ಅವಳು ಪುಟ ಮಗುಚಿ ಬಹಳ ಹೊತ್ತು ಬರೆದಳು. ನಡುವೆ ಪೆನ್ನು ಕೆಳಗಿಟ್ಟು ಸುಧಾರಿಸಿಕೊಂಡಳು. ಆಮೇಲೆ ನೋಟ್‌ಬುಕ್ಕನ್ನು ಸುಧಾಳ ಕೈಗೆ ಕೊಟ್ಟು, ನನ್ನ ಕಡೆ ಕೈ ತೋರಿಸಿದಳು. ನನ್ನಿಂದ ಓದಿಸು ಎಂದು. ಸುಧಾ ತಂದು ಕೊಟ್ಟಳು. ಅದರಲ್ಲಿ ಅಮ್ಮ ಸುಧಾಳ ಕ್ಷಮೆ ಕೇಳಿದ್ದಳು. ನಾಲ್ಕೇ ಸಾಲು.

‘ಏನಂತೆ ಅಕ್ಕ?’

ನಾನು ಓದಬೇಕಿತ್ತು. ಐವತ್ತು ವರ್ಷದಲ್ಲಿ ಅವಳಿಗೆ ನಿಜವಾಗಿ ಓದಿ ಹೇಳಬೇಕಾಗಿದ್ದ ಪುಟ ಇದ್ದರೆ ಅದೊಂದೇ. ಓದಿದ್ದರೆ, ಅಮ್ಮನಿಗೆ ಹೇಗೆ ಗೊತ್ತಾಯಿತು, ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಎಂದೆಲ್ಲ ಅಲ್ಲೇ, ಅಮ್ಮನ ಎದುರೇ ಬರುತ್ತಿತ್ತು. ನನಗೆ ಧೈರ್ಯವಾಗಲಿಲ್ಲ. ಸುಧಾ ಒಂದು ಪುಟದ ಎದುರು ನಿಂತಾಗ ಆ ಹೊತ್ತನ್ನು ಹೇಗಾದರೂ ದಾಟಿಸಿಬಿಡುವುದು ನನಗೆ ಅಭ್ಯಾಸವಾಗಿ ಹೋಗಿತ್ತು.

‘ಬೆನ್ನಿಗೆ ಇನ್ನೊಂದು ದಿಂಬು ಬೇಕಂತೆ’ ಎಂದೆ.

ಸುಧಾ ಒಳಗೆ ಹೋಗಿ ದಿಂಬು ತಂದು, ಅಮ್ಮನನ್ನು ತಬ್ಬಿ ಮೇಲೆತ್ತಿ, ಬೆನ್ನಿಗೆ ಇಟ್ಟಳು. ಅಮ್ಮನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅವಳು ಎತ್ತಿಸಿಕೊಂಡಳು, ಒರಗಿಕೊಂಡಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು. ಅವತ್ತಿನಿಂದ ಪೆನ್ನು ಮುಟ್ಟಲಿಲ್ಲ, ನನ್ನ ಮುಖ ನೋಡಲಿಲ್ಲ. ಹತ್ತು ಹನ್ನೆರಡು ದಿನಕ್ಕೆ ಹೋಗಿಬಿಟ್ಟಳು.

ವರ್ಷದ ತಿಥಿ ಮುಗಿದ ಮೇಲಿನ ಸಂಜೆ ಸುಧಾಳ ಮನೆಯಲ್ಲಿ ನಾವಿಬ್ಬರೂ ಉಳಿದ ವಡೆ ಕಟ್ಟಿಡುತ್ತಿದ್ದೆವು. ಅವಳ ಮೊಮ್ಮಗಳು ಧನ್ಯ ಆ ವರ್ಷ ಎರಡನೇ ಕ್ಲಾಸು. ಇಂಗ್ಲಿಷ್ ಶಾಲೆ, ಕನ್ನಡ ಈಗಷ್ಟೇ ಕೂಡಿಸಿ ಓದಲು ಕಲಿತಿದ್ದಳು. ಸಿಕ್ಕಿದ ಬೋರ್ಡು, ಸಿಕ್ಕಿದ ಪೊಟ್ಟಣ ಎಲ್ಲ ಓದುವ ಹುಚ್ಚು. ಬೀರುವಿನಿಂದ ಆ ನೋಟ್‌ಬುಕ್ಕನ್ನು ಎಳೆದು ತಂದು ಅಜ್ಜಿಯ ತೊಡೆಯ ಮೇಲೆ ಕೂತಳು. ನಾನು ಕಸಿದುಕೊಳ್ಳಬಹುದಿತ್ತು, ಕೈ ಮೇಲೇಳಲಿಲ್ಲ. ಮಗು ನೀರು, ಬೆನ್ನು, ಚಳಿ ಎಂದು ಒಂದೊಂದನ್ನೇ ಓದಿತು. ಒಲೆಯ ಮೇಲೆ ಹಾಲು ಎಂದು ಓದಿ ನಕ್ಕಿತು. ಪುಟ ಮಗುಚಿತು. ಅಕ್ಷರಕ್ಕೊಂದು ಬೆರಳಿಟ್ಟು, ರಾಗವಾಗಿ, ಅರ್ಥವಾಗದೆ ಓದಿತು.

‘ಸು-ಧಾ, ನಿನ-ಗೆ ಓ-ದಲು ಬಾ-ರದು ಎಂದು ನನ-ಗೆ ಇವ-ತ್ತು ತಿಳಿ-ಯಿತು. ಬೇ-ಕೆಂದೇ ಓದು-ತ್ತಿಲ್ಲ ಎಂದು ನಿ-ನ್ನನ್ನು ಎಷ್ಟು ನೋ-ಯಿಸಿದೆ. ನಿ-ನ್ನ ತಪ್ಪು ಏ-ನೂ ಇಲ್ಲ ಮಗ-ಳೇ. ನನ-ಗೆ ಕಲಿ-ಸಲು ಬರ-ಲಿಲ್ಲ.’

ಸುಧಾ ಇನ್ನೊಂದು ಸಲ ಓದು ಎಂದಳು. ಮಗು ಇನ್ನೊಂದು ಸಲ ಓದಿತು. ಸುಧಾ ಮಗುವನ್ನು ತೊಡೆಯಿಂದ ಇಳಿಸಿ, ಹೊರಗೆ ಆಡಿಕೋ ಹೋಗು ಎಂದು ಕಳಿಸಿದಳು. ನನ್ನ ಕಡೆ ತಿರುಗಿದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

‘ಅವತ್ತೇ ಓದಿ ಹೇಳಿದ್ರೆ, ಅಮ್ಮನ ಕೈ ಹಿಡ್ಕೊಂಡು, ಹೋಗ್ಲಿ ಬಿಡಮ್ಮ ಅಂತಿದ್ದೆ ಅಕ್ಕ. ಆ ಒಂದು ಮಾತನ್ನಾದ್ರೂ ಕೇಳಿಸ್ಕೊಂಡು ಹೋಗ್ತಿದ್ಲು.’